ಚುಕ್ಕಿ ಇಡುವವರು ಯಾರು?

ಹೋದ ವರ್ಷ ನಮ್ಮಜ್ಜಿ ತೀರಿಹೋದಳು. ಹನ್ನೊಂದನೇ ದಿನದ ಕಾರ್ಯ ಮುಗಿದು, ಹೊರಡುವ ನೆಂಟರು ಹೊರಟು, ಉಳಿದವರು ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗುವ ಹೊತ್ತಿಗೆ ರಾತ್ರಿ ಹನ್ನೊಂದೂ ಮುಕ್ಕಾಲು. ನಾನು ಆಗ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗೋದು ಅದೊಂದೇ ಜಾಗದಲ್ಲಿ. ಹನ್ನೆರಡು ಗಂಟೆಯೊಳಗೆ ಒಂದು ಜರ್ಮನ್ ಪಾಠ ಮುಗಿಸದಿದ್ದರೆ ನನ್ನ 143 ದಿನದ ಸ್ಟ್ರೀಕ್ ಹೋಗಿಬಿಡುತ್ತಿತ್ತು. ಸ್ಟ್ರೀಕ್ ಅಂದರೆ ಒಂದು ದಿನವೂ ತಪ್ಪದೆ ಮಾಡಿದ ದಿನಗಳ ಸರಪಳಿ. ಈ ಪುಸ್ತಕ ಓದುತ್ತಿರುವ ನಿಮ್ಮಲ್ಲಿ ಅರ್ಧ ಜನರ ಫೋನಿನಲ್ಲಿ ಇಂಥದ್ದೊಂದು ಸರಪಳಿ ಈಗಲೂ ಇರುತ್ತೆ.

ಅಮ್ಮ ಮೆಟ್ಟಿಲ ಕೆಳಗಿನಿಂದ ಕೇಳಿದಳು: “ಏನೋ ಅದು ಇಷ್ಟೊತ್ತಲ್ಲಿ? ಆಫೀಸಿನ ಕೆಲ್ಸಾನಾ?”

“ಹೂಂ ಕಣಮ್ಮ,” ಅಂದೆ.

ಸ್ಟ್ರೀಕ್ ಉಳಿಯಿತು. ಆ ರಾತ್ರಿ ಕಲಿತ ಪದಗಳು ಯಾವುವು ಅಂತ ಈಗ ಕೇಳಿದರೆ ಒಂದೂ ನೆನಪಿಲ್ಲ. ಸುಳ್ಳು ಹೇಳಿದ್ದು ಮಾತ್ರ ನೆನಪಿದೆ.

ಆಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಅಭ್ಯಾಸಕ್ಕೆ, ಕಲಿಕೆಗೆ, ನಡಿಗೆಗೆ, ಕೊನೆಗೆ ಒಳ್ಳೆಯತನಕ್ಕೂ ಅಂಕ, ಪದಕ, ಸಾಲುಗಳನ್ನು ಕೊಡುವ ಈ ಪದ್ಧತಿ ಯಾವಾಗ ಶುರುವಾಯ್ತು? ಇದಕ್ಕೆ ಈಗಿರುವ ಹೆಸರು ಗೇಮಿಫಿಕೇಶನ್. ನಿಕ್ ಪೆಲ್ಲಿಂಗ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ ಆ ಪದವನ್ನು ಹುಟ್ಟಿಸಿದ್ದು 2002ರಲ್ಲಿ. ಪದ ಮೊನ್ನೆ ಮೊನ್ನೆಯದು, ಆದರೆ ವಿಷಯ ಸ್ಮಾರ್ಟ್‌ಫೋನಿನ ಕೂಸಲ್ಲ. ಹುಡುಕುತ್ತಾ ಹೋದರೆ ಮುನ್ನೂರು ವರ್ಷ ಹಿಂದಕ್ಕೆ ಹೋಗಿ, ಒಬ್ಬ ಹುಡುಗ ಮುದ್ರಕನ ಜೇಬಿನಲ್ಲಿದ್ದ ಪುಟ್ಟ ಪುಸ್ತಕದ ಮುಂದೆ ನಿಲ್ಲುತ್ತೇವೆ.

ಆ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್. ಮುಂದೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು, ಮಿಂಚು ವಿದ್ಯುತ್ತೇ ಎಂದು ಸಾಧಿಸಲು ಹೊರಟವನು. ಆದರೆ ಇದು ಅದಕ್ಕೂ ಎಷ್ಟೋ ಮೊದಲಿನ ಕಥೆ. ಫಿಲಡೆಲ್ಫಿಯಾದಲ್ಲಿ ಸ್ವಂತ ಪ್ರೆಸ್ ಹಾಕಿಕೊಂಡು ತಲೆ ಎತ್ತುತ್ತಿದ್ದ ಕಾಲ. ತಪ್ಪೇ ಮಾಡದ ಮನುಷ್ಯ ಆಗಿಬಿಡಬೇಕು ಅಂತ ಆತನಿಗೆ ಹುಮ್ಮಸ್ಸು ಬಂತು. ಬರೀ ಸಂಕಲ್ಪದಿಂದ ಆಗೋಲ್ಲ ಅಂತಲೂ ಬೇಗ ಗೊತ್ತಾಯ್ತು. ಒಂದು ತಪ್ಪಿನ ಮೇಲೆ ಕಣ್ಣಿಟ್ಟರೆ ಇನ್ನೊಂದು ಹಿಂದಿನಿಂದ ನುಗ್ಗುತ್ತಿತ್ತು. ಹಾಗಾಗಿ ಒಂದು ಪಟ್ಟಿ ಮಾಡಿದ. ಮಿತಾಹಾರ, ಮೌನ, ಅಚ್ಚುಕಟ್ಟು, ದೃಢ ನಿರ್ಧಾರ, ಮಿತವ್ಯಯ, ದುಡಿಮೆ, ಪ್ರಾಮಾಣಿಕತೆ, ನ್ಯಾಯ, ಅತಿರೇಕ ಬಿಡುವುದು, ಶುಚಿತ್ವ, ಸಮಾಧಾನ, ಶೀಲ. ಒಟ್ಟು ಹನ್ನೆರಡು. ಪಟ್ಟಿ ನೋಡಿದ ಕ್ವೇಕರ್ ಗೆಳೆಯನೊಬ್ಬ, ‘ನಿನಗೆ ಜಂಬ ಜಾಸ್ತಿ ಅಂತ ಜನ ಮಾತಾಡಿಕೊಳ್ತಾರೆ’ ಅಂತ ಉದಾಹರಣೆ ಸಮೇತ ತೋರಿಸಿಕೊಟ್ಟ. ಫ್ರಾಂಕ್ಲಿನ್ ಹದಿಮೂರನೆಯದಾಗಿ ‘ವಿನಯ’ ಸೇರಿಸಿದ.

ಪುಸ್ತಕದಲ್ಲಿ ಒಂದೊಂದು ಗುಣಕ್ಕೆ ಒಂದೊಂದು ಪುಟ. ಪ್ರತಿ ಪುಟದಲ್ಲಿ ಕೆಂಪು ಶಾಯಿಯ ಗೆರೆಗಳು, ವಾರದ ಏಳು ದಿನಕ್ಕೆ ಏಳು ಕಾಲಂ, ಹದಿಮೂರು ಗುಣಕ್ಕೆ ಹದಿಮೂರು ಸಾಲು. ರಾತ್ರಿ ಕೂತು ಆ ದಿನ ಎಲ್ಲೆಲ್ಲಿ ಎಡವಿದೆ ಎಂದು ನೆನೆಸಿಕೊಂಡು ಆ ಮನೆಯಲ್ಲಿ ಕಪ್ಪು ಚುಕ್ಕಿ ಇಡುವುದು. ಮೊದಲ ವಾರ ಮಿತಾಹಾರದ ಸಾಲೊಂದನ್ನು ಚೊಕ್ಕಟವಾಗಿ ಇಟ್ಟುಕೊಂಡರೆ ಸಾಕು, ಉಳಿದದ್ದು ಹೇಗಾದರೂ ಇರಲಿ. ಎರಡನೇ ವಾರ ಅದರ ಜೊತೆ ಮೌನ. ಹೀಗೆ ಮುಂದಕ್ಕೆ. ತೋಟದ ಕಳೆಯನ್ನೆಲ್ಲ ಒಂದೇ ದಿನ ಕೀಳೋಕೆ ಹೋಗದೆ ಪಾತಿ ಪಾತಿಯಾಗಿ ಕೀಳುವ ಹಾಗೆ ಅಂತ ಆತನೇ ಹೋಲಿಕೆ ಕೊಡುತ್ತಾನೆ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ಸರಿಯಾಗಿ ನಾಲ್ಕು ಸುತ್ತು. ನಮ್ಮ ಆಫೀಸುಗಳ ಕ್ವಾರ್ಟರ್ ಲೆಕ್ಕ ಕಂಡರೆ ನನಗೆ ಈಗ ಈ ಪುಸ್ತಕವೇ ನೆನಪಾಗುತ್ತೆ.

ನನಗೆ ಇಷ್ಟವಾಗೋದು ಮುಂದಿನ ಭಾಗ. ಹಳೇ ಚುಕ್ಕಿ ಕೆರೆದು ಹೊಸ ಚುಕ್ಕಿಗೆ ಜಾಗ ಮಾಡುತ್ತಾ ಮಾಡುತ್ತಾ ಪುಸ್ತಕ ತೂತು ತೂತಾಯ್ತಂತೆ! ಆಮೇಲೆ ದಂತದ ಹಾಳೆಗಳ ಮೇಲೆ ಅಳಿಸದ ಕೆಂಪು ಗೆರೆ ಹಾಕಿಸಿ, ಪೆನ್ಸಿಲ್ಲಿನಲ್ಲಿ ಚುಕ್ಕಿ ಇಟ್ಟು, ಒದ್ದೆ ಸ್ಪಂಜಿನಲ್ಲಿ ಒರೆಸತೊಡಗಿದ. ಹಾರ್ಡ್‌ವೇರ್ ಅಪ್‌ಗ್ರೇಡ್ ಅನ್ನಿ. ‘ಅಚ್ಚುಕಟ್ಟು’ ಮಾತ್ರ ಕೊನೆಯವರೆಗೂ ಒಲಿಯಲಿಲ್ಲ. ಅದಕ್ಕೆ ಒಂದು ಕಥೆಯನ್ನೂ ಹೇಳುತ್ತಾನೆ. ಒಬ್ಬ ಕಮ್ಮಾರನ ಹತ್ತಿರ ಕೊಡಲಿ ಕೊಂಡು, ಬರೀ ಅಂಚಲ್ಲ, ಇಡೀ ಕೊಡಲಿ ಫಳಫಳ ಅನ್ನಬೇಕು ಅಂತ ಹಟ ಹಿಡಿದ. ಸರಿ, ಸಾಣೆಚಕ್ರ ನೀನೇ ತಿರುಗಿಸು ಅಂದ ಕಮ್ಮಾರ. ತಿರುಗಿಸಿ ತಿರುಗಿಸಿ ಕೈಸೋತ ಗಿರಾಕಿ ಕೊನೆಗೆ, ಚುಕ್ಕಿ ಚುಕ್ಕಿ ಇರುವ ಕೊಡಲಿಯೇ ನನಗೆ ಇಷ್ಟ ಅಂತ ಹೇಳಿ ಮನೆಗೆ ಹೋದ.

ಫ್ರಾಂಕ್ಲಿನ್ ಕೂಡ ಹಾಗೆಯೇ ಮಾಡಿದ. ಮೊದಲು ಸುತ್ತಿನ ಮೇಲೆ ಸುತ್ತು, ಆಮೇಲೆ ವರ್ಷಕ್ಕೊಂದು ಸುತ್ತು, ಆಮೇಲೆ ಕೆಲವು ವರ್ಷಕ್ಕೊಂದು, ಕೊನೆಗೆ ಪೂರ್ತಿ ಬಿಟ್ಟೇಬಿಟ್ಟ. ಪುಸ್ತಕವನ್ನು ಮಾತ್ರ ಜೊತೆಯಲ್ಲೇ ಇಟ್ಟುಕೊಂಡಿದ್ದ. ಪೂರ್ಣತೆ ಸಿಗಲಿಲ್ಲ, ಆದರೆ ಪ್ರಯತ್ನ ಮಾಡದಿದ್ದರೆ ಆಗುತ್ತಿದ್ದುದಕ್ಕಿಂತ ಉತ್ತಮನಾದೆ, ಸುಖಿಯಾದೆ ಅಂತ ಇಳಿವಯಸ್ಸಿನಲ್ಲಿ ಆತ್ಮಕಥೆಯಲ್ಲಿ ಬರೆದ. ಅವನು ಬಿಟ್ಟಾಗ ಯಾವ ಗೂಬೆಯೂ ಬಂದು ‘ನಿನ್ನನ್ನು ಮಿಸ್ ಮಾಡಿಕೊಳ್ತಿದ್ದೀನಿ’ ಅಂತ ನೋಟಿಫಿಕೇಶನ್ ಕಳಿಸಲಿಲ್ಲ.

ಹಾಗಂತ ಫ್ರಾಂಕ್ಲಿನ್‌ನನ್ನು ಹೊತ್ತು ಮೆರೆಸೋದೂ ಬೇಡ. ಆ ಪಟ್ಟಿಯ ಎಂಟನೇ ಸಾಲು ‘ನ್ಯಾಯ’. ಆತನ ಮನೆಯಲ್ಲಿ ಮುಂದೆ ಗುಲಾಮರಿದ್ದರು. ಆತನ ಪತ್ರಿಕೆ ಪೆನ್ಸಿಲ್ವೇನಿಯಾ ಗೆಜೆಟ್‌ನಲ್ಲಿ ಮನುಷ್ಯರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು. 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದದ್ದು ನಿಜ, ಆದರೆ ಅಷ್ಟು ಹೊತ್ತಿಗೆ ಚುಕ್ಕಿ ಇಡೋದನ್ನು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಸಾಲಿನ ಹೆಸರು ‘ನ್ಯಾಯ’ ಅಂತ ಇದ್ದ ಮಾತ್ರಕ್ಕೆ ಯಾವುದು ಅನ್ಯಾಯ ಅನ್ನೋದು ಕಣ್ಣಿಗೆ ಬೀಳೋಲ್ಲ. ನಾವು ಯಾವುದನ್ನು ತಪ್ಪು ಅಂತ ಮೊದಲೇ ಒಪ್ಪಿಕೊಂಡಿದ್ದೀವೋ ಅದಕ್ಕೆ ಮಾತ್ರ ಚುಕ್ಕಿ ಬೀಳುತ್ತೆ.

ನಮ್ಮಲ್ಲಿ ಇಂಥದ್ದು ಇರಲಿಲ್ವಾ ಅಂತ ನೀವು ಕೇಳಬಹುದು. ಪರಮಪದ ಸೋಪಾನ ಪಟ ತಕ್ಷಣ ನೆನಪಿಗೆ ಬರುತ್ತೆ. ಹಾವು-ಏಣಿ ಆಟದ ಮೂಲ ರೂಪ ಅದು. ವೈಷ್ಣವರ ಪಟದಲ್ಲಿ 72 ಮನೆ, ಜೈನರ ಪಟದಲ್ಲಿ 84. ಸದ್ಗುಣಗಳ ಮನೆಯಿಂದ ಏಣಿ, ದುರ್ಗುಣಗಳ ಮನೆಯಲ್ಲಿ ಹಾವಿನ ಬಾಯಿ. ಆದರೆ ಅಲ್ಲಿ ಮೇಲೆ ಹತ್ತಿಸೋದೂ ಕೆಳಗೆ ಜಾರಿಸೋದೂ ದಾಳ. ಯಾವ ಗುಣ ಎಲ್ಲಿಗೆ ಒಯ್ಯುತ್ತೆ ಅಂತ ಅದು ಹೇಳಿಕೊಡುತ್ತೆ, ಮಂಗಳವಾರ ನೀವು ಏನು ಮಾಡಿದಿರಿ ಅಂತ ಕೇಳೋಲ್ಲ. ಫ್ರಾಂಕ್ಲಿನ್‌ನ ಪುಸ್ತಕಕ್ಕೆ ಹತ್ತಿರದ್ದು ನನಗೆ ಕಂಡದ್ದು ನಮ್ಮಜ್ಜಿಯ ರಾಮಕೋಟಿ ಪುಸ್ತಕ. ಮೂರನೇ ಕ್ಲಾಸು ಓದಿದ್ದ ಅಜ್ಜಿ ಮಧ್ಯಾಹ್ನ ಊಟದ ಕೆಲಸ ಮುಗಿಸಿ, ಕನ್ನಡಕ ಹಾಕಿಕೊಂಡು, ಸಾಲಾಗಿ ಶ್ರೀರಾಮ ಶ್ರೀರಾಮ ಅಂತ ಬರೆಯುತ್ತಿದ್ದಳು. ಕೊಯ್ಲು, ಕಣದ ಕಾಲದಲ್ಲಿ ತಿಂಗಳುಗಟ್ಟಲೆ ಪುಸ್ತಕ ಗೂಡಿನಲ್ಲೇ ಇರುತ್ತಿತ್ತು. ಮತ್ತೆ ತೆಗೆದಾಗ ನಿಲ್ಲಿಸಿದ ಸಾಲಿನಿಂದಲೇ ಮುಂದಕ್ಕೆ. ಮೊದಲ ಪುಟದಿಂದ ಶುರು ಮಾಡು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಈ ಎರಡು ಪುಸ್ತಕಗಳಲ್ಲೂ ಪೆನ್ಸಿಲ್ಲು ಬರೆಯುವವರ ಕೈಯಲ್ಲೇ ಇತ್ತು. ಅದು ಕೈ ಬದಲಾಯಿಸಿದ್ದು ಶಾಲೆಯಲ್ಲಿ. ಆ ಕಥೆಯ ಒಂದು ತುದಿ ನಮ್ಮ ಪಕ್ಕದ ಮದ್ರಾಸಿನಲ್ಲಿದೆ.

1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮದ ಉಸ್ತುವಾರಿ ವಹಿಸಿಕೊಂಡ. ಮೇಷ್ಟ್ರುಗಳು ಮಾತು ಕೇಳುತ್ತಿರಲಿಲ್ಲ, ಕಲಿಕೆ ಕುಂಟುತ್ತಿತ್ತು. ಒಂದು ದಿನ ಊರ ಮಕ್ಕಳ ಶಾಲೆಯೊಂದರ ಮುಂದೆ ಹೋಗುವಾಗ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ನಮ್ಮ ತಾತಂದಿರು ಕಲಿತದ್ದೂ ಹಾಗೆಯೇ. ಬೆಲ್ ಅದನ್ನು ಆಶ್ರಮಕ್ಕೆ ತಂದ. ಮೇಷ್ಟ್ರುಗಳು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನಿಗೇ ಚಿಕ್ಕವರ ಪಾಠ ಒಪ್ಪಿಸಿದ. ಕಲಿತ ಹುಡುಗ ಕಲಿಯದವನಿಗೆ ಕಲಿಸುವ ಈ ಪದ್ಧತಿಯ ವರದಿ 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. ಅದಕ್ಕೆ ‘ಮದ್ರಾಸ್ ಪದ್ಧತಿ’ ಅಂತಲೇ ಹೆಸರು.

ಮರುವರ್ಷ ಲಂಡನ್ನಿನ ಸದರ್ಕ್‌ನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಇಪ್ಪತ್ತು ವರ್ಷದ ಯುವಕ ಬಡಮಕ್ಕಳಿಗೆ ಶಾಲೆ ತೆರೆದ. ಮಕ್ಕಳು ನೂರಾರು, ಮೇಷ್ಟ್ರು ಒಬ್ಬನೇ. ದೊಡ್ಡ ಹುಡುಗರನ್ನು ಮಾನಿಟರ್ ಮಾಡಿ ಬೆಲ್‌ನ ಹಾಗೆಯೇ ಪಾಠ ನಡೆಸಿದ. ಆದರೆ ಅಷ್ಟು ಮಕ್ಕಳು ಗಲಾಟೆಯಿಲ್ಲದೆ ಕಲಿಯುವಂತೆ ಮಾಡೋದು ಹೇಗೆ? ಲ್ಯಾಂಕಾಸ್ಟರ್ ಕಟ್ಟಿದ ವ್ಯವಸ್ಥೆಯನ್ನು ಇವತ್ತಿನ ಯಾವುದೇ ಪ್ರಾಡಕ್ಟ್ ಮ್ಯಾನೇಜರ್ ನೋಡಿದರೆ ತಕ್ಷಣ ಗುರುತು ಹಿಡೀತಾರೆ.

ತರಗತಿಯಲ್ಲಿ ಪ್ರತಿ ಹುಡುಗನಿಗೆ ಒಂದು ಸ್ಥಾನ, ಆ ಸ್ಥಾನಕ್ಕೆ ಒಂದು ಸಂಖ್ಯೆ. ಮೊದಲ ಸ್ಥಾನದವನ ಎದೆಯ ಮೇಲೆ ಚರ್ಮದ ಬಿಲ್ಲೆ, ಅದರ ಮೇಲೆ ‘ಮೆರಿಟ್’ ಎಂಬ ಅಕ್ಷರ. ಅವನು ತಪ್ಪಿದರೆ, ಕೆಳಗಿನವನು ಸರಿ ಹೇಳಿದರೆ, ಆ ಕ್ಷಣವೇ ಜಾಗ ಅದಲು ಬದಲು, ಬಿಲ್ಲೆಯೂ ಕೈ ಬದಲು. ಇದು ಲೀಡರ್‌ಬೋರ್ಡ್. ಚೆನ್ನಾಗಿ ಓದಿದವರಿಗೆ ಸಂಖ್ಯೆ ಹಾಕಿದ ಟಿಕೆಟ್ಟು, ಟಿಕೆಟ್ ಕೂಡಿಹಾಕಿದರೆ ಬಹುಮಾನ. ಇದು ಪಾಯಿಂಟ್ಸ್. ಬ್ಯಾಟು, ಚೆಂಡು, ಗಾಳಿಪಟಗಳನ್ನು ಮಕ್ಕಳ ಕಣ್ಣಿಗೆ ಸದಾ ಕಾಣುವ ಹಾಗೆ ತಲೆಯ ಮೇಲೆ ತೂಗುಹಾಕಿರುತ್ತಿದ್ದರು. ಗೆದ್ದವರು ಬಹುಮಾನ ಹಿಡಿದು ಶಾಲೆಯ ಸುತ್ತ ಮೆರವಣಿಗೆ ಹೋಗುತ್ತಿದ್ದರು, ಮುಂದೆ ಒಬ್ಬ ಅವರ ಹೆಸರು ಸಾರುತ್ತಿದ್ದ. ಇನ್ನೂ ಮೇಲಿನವರಿಗೆ ಬೆಳ್ಳಿ ಪದಕ. ಎಲ್ಲವೂ ಇತ್ತು, ಮೊಬೈಲ್ ಒಂದು ಇರಲಿಲ್ಲ.

ಲ್ಯಾಂಕಾಸ್ಟರ್‌ನ ಉದ್ದೇಶ ಕೆಟ್ಟದ್ದಲ್ಲ. ಅವನಿಗೆ ಮಕ್ಕಳನ್ನು ಹೊಡೆಯೋದು ಇಷ್ಟವಿರಲಿಲ್ಲ, ಬೆತ್ತದ ಬದಲಿಗೇ ಈ ಬಿಲ್ಲೆ, ಟಿಕೆಟ್ಟು ತಂದದ್ದು. ಆದರೆ ಬೆತ್ತ ಹೋದ ಜಾಗಕ್ಕೆ ಬಂದದ್ದು ಏನು ನೋಡಿ. ತಪ್ಪು ಮಾಡಿದ ಹುಡುಗನ ಕೊರಳಿಗೆ ಮರದ ದಿಮ್ಮಿ. ಇನ್ನೂ ಹಟ ಮಾಡಿದರೆ ಬುಟ್ಟಿಯಲ್ಲಿ ಕೂರಿಸಿ ಚಾವಣಿಗೆ ಎತ್ತುವುದು, ಕೆಳಗಿನ ಮಕ್ಕಳೆಲ್ಲ ಪಂಜರದ ಹಕ್ಕಿಯನ್ನು ನೋಡಿ ನಗಲಿ ಅಂತ. ಪೆಟ್ಟು ಬೀಳುತ್ತಿರಲಿಲ್ಲ, ಮಾನ ಹೋಗುತ್ತಿತ್ತು. ಒಬ್ಬನ ಎದೆಗೆ ಬಿಲ್ಲೆ ಬರಬೇಕಾದರೆ ಇನ್ನೊಬ್ಬನ ಎದೆಯಿಂದ ಅದು ಹೋಗಲೇಬೇಕಿತ್ತು. ನಾನು ಹಳ್ಳಿ ಶಾಲೆಯಲ್ಲಿ ಓದಿದವನು. ರ‍್ಯಾಂಕ್ ಓದಿ ಹೇಳುವ ದಿನ ಕೊನೆಯ ಬೆಂಚಿನ ಮುಖಗಳು ಹೇಗಿರುತ್ತಿದ್ದವು ಅಂತ ನನಗೆ ನೆನಪಿದೆ. ಮುಂದಿನ ಬೆಂಚಿನಲ್ಲಿದ್ದ ನನಗೆ ಆಗ ಅದು ಕಂಡಿರಲಿಲ್ಲ ಅನ್ನೋದೂ ನೆನಪಿದೆ.

ಈ ಪದ್ಧತಿ ಇಂಗ್ಲೆಂಡ್ ದಾಟಿ ಅಮೆರಿಕಕ್ಕೂ ಹೋಯ್ತು. ಲ್ಯಾಂಕಾಸ್ಟರ್‌ನ ಕಥೆ ಮಾತ್ರ ಬೇರೆ ಥರ ಮುಗಿಯಿತು. ಊರ ಮಕ್ಕಳ ಲೆಕ್ಕವನ್ನೆಲ್ಲ ಇಟ್ಟವನಿಗೆ ತನ್ನ ಖರ್ಚಿನ ಲೆಕ್ಕ ಇಡೋಕೆ ಬರಲಿಲ್ಲ. ಸಾಲ ಮಾಡಿಕೊಂಡ, ತನ್ನನ್ನು ಕಾಪಾಡಿದ ಸಮಿತಿಯ ಜೊತೆಗೇ ಜಗಳವಾಡಿ ಹೊರಬಿದ್ದ, 1818ರಲ್ಲಿ ಅಮೆರಿಕಕ್ಕೆ ಹೋದ. 1838ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಕುದುರೆ ಗಾಡಿಗೆ ಸಿಕ್ಕಿ ಸತ್ತ.

ಚುಕ್ಕಿ ಶಾಲೆಯಿಂದ ಕಾರ್ಖಾನೆಗೆ ಹೋಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯಲ್ಲಿ ನ್ಯೂ ಲ್ಯಾನಾರ್ಕ್ ಅಂತ ಒಂದು ಹತ್ತಿ ಗಿರಣಿ. 1800ರ ಜನವರಿಯಲ್ಲಿ ಅದರ ಆಡಳಿತಕ್ಕೆ ಬಂದವನು ರಾಬರ್ಟ್ ಓವೆನ್. ಹತ್ತು ವರ್ಷದ ಕೆಳಗಿನ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳೋದನ್ನು ನಿಲ್ಲಿಸಿದ, ಅವರಿಗೆ ಶಾಲೆ ಮಾಡಿಸಿದ, ಮುಂದೆ ಸಹಕಾರ ಚಳವಳಿಯ ಹಿರಿಯ ಅನ್ನಿಸಿಕೊಂಡ. ಇಂಥ ಒಳ್ಳೆಯ ಮಾಲೀಕನಿಗೂ ಒಂದು ಸಮಸ್ಯೆ ಇತ್ತು. ಕಳ್ಳತನ, ಕುಡಿತ, ಕೆಲಸಗಳ್ಳತನ. ಹೊಡೆಯೋಕೂ ಬಯ್ಯೋಕೂ ಮನಸ್ಸಿಲ್ಲ. ಆಗ ಅವನು ಕಂಡುಹಿಡಿದದ್ದು ‘ಮೂಕ ಮಾನಿಟರ್’.

ಎರಡು ಇಂಚು ಉದ್ದದ ಒಂದು ಮರದ ತುಂಡು, ನಾಲ್ಕು ಮುಖ, ನಾಲ್ಕು ಬಣ್ಣ. ಕಪ್ಪು ಅಂದರೆ ಕೆಟ್ಟದ್ದು, ನೀಲಿ ಸಾಧಾರಣ, ಹಳದಿ ಒಳ್ಳೆಯದು, ಬಿಳಿ ಅತ್ಯುತ್ತಮ. ಪ್ರತಿ ಕೆಲಸಗಾರನ ಹತ್ತಿರ ಅದನ್ನು ತೂಗುಹಾಕುವುದು. ನಿನ್ನೆಯ ನಡತೆ ಹೇಗಿತ್ತೋ ಆ ಬಣ್ಣವನ್ನು ಮೇಲ್ವಿಚಾರಕ ಎದುರಿಗೆ ತಿರುಗಿಸುತ್ತಿದ್ದ. ದಿನದಿನದ ಬಣ್ಣವನ್ನು ‘ನಡತೆಯ ಪುಸ್ತಕ’ದಲ್ಲಿ ಬರೆದಿಡುತ್ತಿದ್ದರು. ಓವೆನ್ ಗಿರಣಿಯಲ್ಲಿ ನಡೆದುಹೋಗುವಾಗ ಯಾರನ್ನೂ ಬಯ್ಯುತ್ತಿರಲಿಲ್ಲ. ಕೆಲಸಗಾರನನ್ನು ನೋಡುತ್ತಿದ್ದ, ಬಣ್ಣ ನೋಡುತ್ತಿದ್ದ, ಮುಂದೆ ಹೋಗುತ್ತಿದ್ದ. ಅಷ್ಟೇ. ಮೊದಮೊದಲು ಕಪ್ಪೇ ಕಪ್ಪು, ವರ್ಷ ಕಳೆದಂತೆ ಹಳದಿ, ಬಿಳಿ ಹೆಚ್ಚಾದವು ಅಂತ ಆತ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ.

ಓವೆನ್‌ಗೆ ಸಲ್ಲಬೇಕಾದ್ದು ಸಲ್ಲಲಿ. ಆ ಕಾಲದ ಬೇರೆ ಗಿರಣಿಗಳಲ್ಲಿ ಬಾರುಕೋಲು ಇತ್ತು. ಮೇಲ್ವಿಚಾರಕ ಅನ್ಯಾಯವಾಗಿ ಬಣ್ಣ ತಿರುಗಿಸಿದ ಅನ್ನಿಸಿದರೆ ನೇರ ಓವೆನ್ ಹತ್ತಿರ ದೂರು ಕೊಡಬಹುದಿತ್ತು. ಎಷ್ಟು ಆ್ಯಪ್‌ಗಳಲ್ಲಿ ಇವತ್ತು ಆ ಸೌಲಭ್ಯ ಇದೆ? ಊಟ ತಂದುಕೊಡುವ ಹುಡುಗ ತನ್ನ ರೇಟಿಂಗ್ ಯಾಕೆ ಇಳಿಯಿತು ಅಂತ ಯಾರ ಹತ್ತಿರ ಹೋಗಿ ಕೇಳಬೇಕು? ಆದರೂ ಆ ಮರದ ತುಂಡನ್ನು ಯೋಚಿಸಿದಾಗ ನನಗೆ ಒಂದು ಥರ ಕಸಿವಿಸಿ. ಫ್ರಾಂಕ್ಲಿನ್ ಬೇಸರ ಬಂದಾಗ ಪುಸ್ತಕ ಮುಚ್ಚಿದ. ಗಿರಣಿಯ ಕೆಲಸಗಾರ ಆ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡು ‘ನನಗೆ ಈ ಆಟ ಬೇಡ’ ಅನ್ನೋ ಹಾಗಿರಲಿಲ್ಲ. ಬೇಡ ಅನ್ನೋ ಅವಕಾಶ ಇಲ್ಲದಿದ್ದರೆ ಅದನ್ನು ಆಟ ಅಂತ ಹೇಗೆ ಕರೆಯೋದು?

ಇಪ್ಪತ್ತನೇ ಶತಮಾನಕ್ಕೆ ಬಂದರೆ ಚುಕ್ಕಿ ಪ್ರಯೋಗಾಲಯ ಸೇರಿತು. ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ಮಾಡಿದ ಪ್ರಯೋಗಗಳು ನಿಮಗೆ ಗೊತ್ತಿರಬಹುದು. ಯಾವ ನಡವಳಿಕೆಗೆ ಯಾವಾಗ ಕಾಳು ಹಾಕಿದರೆ ಅದು ಗಟ್ಟಿಯಾಗುತ್ತೆ ಅನ್ನೋದು ಅವನ ಲೆಕ್ಕ. 1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಐಲಾನ್ ಮತ್ತು ಆಜ್ರಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಮನುಷ್ಯರ ಮೇಲೆ ಮಾಡಿ ನೋಡಿದರು. ರೋಗಿಗಳು ವಾರ್ಡಿನ ಕೆಲಸ ಮಾಡಿದರೆ ಟೋಕನ್, ಟೋಕನ್ ಕೊಟ್ಟರೆ ಬೇಕಾದ ವಸ್ತು, ಸೌಲಭ್ಯ. ವರ್ಷಗಟ್ಟಲೆ ಸುಮ್ಮನೆ ಕೂತಿದ್ದವರು ಎದ್ದು ಓಡಾಡಿದರು. ಆದರೆ ಕೆಲಸ ಮಾಡಿದರೂ ಬಿಟ್ಟರೂ ಟೋಕನ್ ಸಿಗುತ್ತೆ ಅಂತಾದಾಗ ಕೆಲಸ ಬಿದ್ದುಹೋಯ್ತು. ಅಭ್ಯಾಸ ಅಂಟಿಕೊಂಡದ್ದು ಟೋಕನ್ನಿಗೆ.

ಇದಕ್ಕಿಂತ ಮನಸ್ಸಿಗೆ ನಾಟುವುದು 1973ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸೋದು ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡರು. ಒಂದು ಗುಂಪಿಗೆ ‘ಚಿತ್ರ ಬರೆದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ಸುಮ್ಮನೆ ಪೆನ್ನು ಇಟ್ಟು ನೋಡಿದರೆ, ಬಹುಮಾನದ ಆಸೆ ಹತ್ತಿಸಿದ್ದ ಮಕ್ಕಳು ಆಟದ ಹೊತ್ತಿನಲ್ಲಿ ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಅರ್ಧದಷ್ಟು ಮಾತ್ರ. ಮೊದಲೇ ಇದ್ದ ಪ್ರೀತಿಯನ್ನು ಆ ನಕ್ಷತ್ರ ತಿಂದು ಹಾಕಿತ್ತು.

ನಮ್ಮ ಕೈಗಡಿಯಾರಗಳು ದಿನಾ ಕೇಳುವ ಹತ್ತು ಸಾವಿರ ಹೆಜ್ಜೆಯ ಹುಟ್ಟೂ ಈ ಕಾಲದ್ದೇ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದು ಜಪಾನಿನಲ್ಲಿ ವ್ಯಾಯಾಮದ ಹುಚ್ಚು ಹತ್ತಿದ್ದಾಗ, 1965ರಲ್ಲಿ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು. ಹೆಸರು ಮಾನ್‌ಪೊ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಅದು ಮಾರುಕಟ್ಟೆಗೆ ಒಪ್ಪುವ ದುಂಡು ಸಂಖ್ಯೆ, ವೈದ್ಯರು ಅಳೆದು ತೂಗಿ ಕೊಟ್ಟ ಡೋಸ್ ಅಲ್ಲ. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಜೊತೆಗಾರರು 16,741 ವಯಸ್ಸಾದ ಮಹಿಳೆಯರ ಹೆಜ್ಜೆಗಳನ್ನು ಅಳೆದು ನೋಡಿದರು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700 ನಡೆದವರಿಗಿಂತ, ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. 7,500ರ ಹತ್ತಿರ ಲಾಭ ಸಮತಟ್ಟಾಯ್ತು. ನಾನು ರಾತ್ರಿ ಊಟ ಆದಮೇಲೆ 9,600 ನೋಡಿ ಹಾಲಿನಿಂದ ಅಡುಗೆಮನೆಗೆ ಶತಪಥ ಹಾಕಿದ್ದು ಯಾರ ಆರೋಗ್ಯಕ್ಕೋ ಗೊತ್ತಿಲ್ಲ.

ಸ್ಟ್ರೀಕ್ ಅನ್ನುವುದಕ್ಕೂ ಒಂದು ತಮಾಷೆಯ ದಂತಕಥೆ ಇದೆ. ಅಮೆರಿಕದ ಹಾಸ್ಯನಟ ಜೆರ‍್ರಿ ಸೈನ್‌ಫೆಲ್ಡ್ ದಿನಾ ಜೋಕ್ ಬರೆದು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುಣಕದ ಗುರುತು ಹಾಕುತ್ತಿದ್ದ, ‘ಸರಪಳಿ ಮುರೀಬೇಡ’ ಅನ್ನೋದೇ ಅವನ ಮಂತ್ರ ಅಂತ 2007ರಿಂದ ಇಂಟರ್‌ನೆಟ್ಟಿನ ತುಂಬ ಓಡಾಡಿತು. ಎಷ್ಟೋ ಆ್ಯಪ್‌ಗಳು ಇದನ್ನೇ ಹೇಳಿಕೊಂಡು ಹುಟ್ಟಿದವು. 2014ರಲ್ಲಿ ಅವನನ್ನೇ ಕೇಳಿದರೆ, ಇದು ನನ್ನ ಐಡಿಯಾನೇ ಅಲ್ಲ ಅಂತ ನಕ್ಕುಬಿಟ್ಟ.

2009ರಲ್ಲಿ ಫೋರ್‌ಸ್ಕ್ವೇರ್ ಎಂಬ ಆ್ಯಪ್, ಒಂದೇ ಕಾಫಿ ಅಂಗಡಿಗೆ ಹೆಚ್ಚು ಸಲ ಹೋದವರನ್ನು ಅಲ್ಲಿನ ‘ಮೇಯರ್’ ಮಾಡಿ ಬ್ಯಾಡ್ಜ್ ಕೊಡತೊಡಗಿತು. ಅಲ್ಲಿಂದ ಮುಂದೆ ಭಾಷೆ ಕಲಿಕೆ, ಓಟ, ಧ್ಯಾನ, ನಿದ್ದೆ, ನೀರು ಕುಡಿಯೋದು, ಎಲ್ಲಕ್ಕೂ ಬ್ಯಾಡ್ಜು. ಇದರಲ್ಲಿ ಒಳ್ಳೆಯದು ಏನೂ ಇಲ್ಲ ಅಂದರೆ ಅದೂ ಸುಳ್ಳಾಗುತ್ತೆ. ಗೇಮ್ ಡಿಸೈನರ್ ಜೇನ್ ಮೆಕ್‌ಗಾನಿಗಲ್‌ಗೆ 2009ರಲ್ಲಿ ತಲೆಗೆ ಪೆಟ್ಟು ಬಿತ್ತು. ಓದುವಂತಿಲ್ಲ, ಕೆಲಸ ಮಾಡುವಂತಿಲ್ಲ, ಹಾಸಿಗೆಯಲ್ಲಿ ಮಲಗಿ ಸಾಯುವ ಯೋಚನೆ ಬರತೊಡಗಿತ್ತು. ಆಗ ಆಕೆ ತನಗಾಗಿಯೇ ಒಂದು ಆಟ ಕಟ್ಟಿಕೊಂಡಳು. ಕಣ್ಣು ಕುಕ್ಕುವ ಬೆಳಕು, ಜನಜಂಗುಳಿ ಶತ್ರುಗಳು. ನಾಯಿಯನ್ನು ಹತ್ತು ನಿಮಿಷ ಮುದ್ದಾಡೋದು, ಬೀದಿಯ ಒಂದು ಸುತ್ತು ನಡೆಯೋದು ಶಕ್ತಿ ಕೊಡುವ ಮದ್ದು. ಅವಳಿ ಸಹೋದರಿಯೇ ಮೊದಲ ಜೊತೆಗಾತಿ. ನೋವು ಕೂಡಲೇ ಹೋಗಲಿಲ್ಲ, ಆದರೆ ಕವಿದಿದ್ದ ಮಂಕು ಕೆಲವೇ ದಿನದಲ್ಲಿ ಕರಗಿತು ಅಂತ ಹೇಳುತ್ತಾಳೆ. ಮುಂದೆ ಅದು ‘ಸೂಪರ್‌ಬೆಟರ್’ ಆಗಿ ಬೇರೆಯವರಿಗೂ ಸಿಕ್ಕಿತು. ಗಮನಿಸಿ, ಇಲ್ಲಿ ನಿಯಮ ಬರೆದದ್ದು ಆಡುವವಳೇ. ಫ್ರಾಂಕ್ಲಿನ್‌ನ ಜೇಬಿನ ಪುಸ್ತಕದ ವಂಶ ಇದು.

ಹಾಗಾದರೆ ನನ್ನ ಫೋನಿನಲ್ಲಿದ್ದದ್ದು ಯಾವ ವಂಶ? ಈ ಪ್ರಶ್ನೆಗೆ ಉತ್ತರ ನನಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತು, ಯಾಕಂದರೆ ಅಂಥದ್ದೊಂದನ್ನು ಬರೆದವನೂ ನಾನೇ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ವ್ಯಾಯಾಮದ ಅಭ್ಯಾಸ ಮಾಡಿಸುವ ಆ್ಯಪ್ ಕೆಲಸ ನಡೀತಿತ್ತು. ಸ್ಟ್ರೀಕ್ ಭಾಗ ನನ್ನ ಪಾಲಿಗೆ ಬಂತು. ಕೋಡು ಅಂತ ದೊಡ್ಡದೇನಲ್ಲ. ನಿನ್ನೆ ಬಂದಿದ್ದರೆ ಒಂದು ಕೂಡಿಸು, ಬಂದಿಲ್ಲದಿದ್ದರೆ ಸೊನ್ನೆ ಮಾಡು. ರಿವ್ಯೂನಲ್ಲಿ ಒಬ್ಬ ಹುಡುಗಿ ಕೇಳಿದಳು: “ಸೊನ್ನೆ ಯಾಕೆ ಸರ್? ಒಂದು ದಿನ ತಪ್ಪಿದ್ರೆ ಒಂದು ಕಳೆದ್ರೆ ಸಾಕಲ್ವಾ?” ಮೀಟಿಂಗಿನಲ್ಲಿದ್ದ ಇನ್ನೊಬ್ಬರು, “ಒಂದು ಕಳೆದ್ರೆ ಯಾರಿಗೆ ಭಯ ಆಗುತ್ತೆ? ಸೊನ್ನೆ ಆಗುತ್ತೆ ಅಂದ್ರೆ ದಿನಾ ತೆರೀತಾರೆ,” ಅಂದರು. ನಾನು ತಲೆ ಆಡಿಸಿ ಮರ್ಜ್ ಮಾಡಿದೆ. ಜ್ವರ ಬಂದವರು, ಹೆರಿಗೆ ಆದವರು, ಸಾವಿನ ಮನೆಯಲ್ಲಿ ಇದ್ದವರು, ಅವರ ಸಂಖ್ಯೆಯೆಲ್ಲ ಮಧ್ಯರಾತ್ರಿ ನನ್ನ ಆ ಒಂದು ಸಾಲಿನಿಂದ ಸೊನ್ನೆ ಆಗಿರುತ್ತೆ. ತಾರಸಿಯ ಮೇಲೆ ಫೋನ್ ಎತ್ತಿ ನಿಂತಾಗ ನಾನು ಹೆದರಿದ್ದು ನನ್ನಂಥವನೇ ಯಾವನೋ ಬರೆದಿದ್ದ ಇನ್ನೊಂದು ಸಾಲಿಗೆ. ದಿನ ತಪ್ಪಿದರೆ ಸ್ಟ್ರೀಕ್ ಉಳಿಸಿಕೊಳ್ಳೋಕೆ ದುಡ್ಡು ಕೊಡುವ ವ್ಯವಸ್ಥೆಯೂ ಕೆಲವು ಆ್ಯಪ್‌ಗಳಲ್ಲಿದೆ. ಓವೆನ್ ಅಷ್ಟು ದೂರ ಹೋಗಿರಲಿಲ್ಲ.

ಮುನ್ನೂರು ವರ್ಷದ ಈ ಕಥೆಯಿಂದ ನನಗೆ ಅರ್ಥವಾದದ್ದು ಇಷ್ಟು. ಅಂಕ, ಚುಕ್ಕಿ, ಪದಕಗಳು ಕೆಲಸ ಮಾಡುತ್ತವೆ. ಮಾಡುತ್ತವೆ ಅನ್ನೋದೇ ಹೆದರಿಕೆಯ ವಿಷಯ. ಅವು ಯಾರ ಕೆಲಸ ಮಾಡುತ್ತಿವೆ ಅನ್ನೋದು ಪೆನ್ಸಿಲ್ಲು ಯಾರ ಕೈಯಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಹೊಸ ಅಭ್ಯಾಸದ ಆ್ಯಪ್ ಹಾಕಿಕೊಳ್ಳುವ ಮುಂಚೆ ನಾನೀಗ ನೋಡೋದು ಅದರ ಗ್ರಾಫಿಕ್ಸ್ ಅಲ್ಲ. ನಿಯಮ ನಾನು ಬದಲಾಯಿಸಬಹುದಾ, ಬೇಡ ಅನ್ನಿಸಿದಾಗ ಬಿಡಬಹುದಾ, ಒಂದು ದಿನ ತಪ್ಪಿದರೆ ಹಿಂದೆ ಮಾಡಿದ್ದು ಏನಾಗುತ್ತೆ, ಇಷ್ಟು ನೋಡ್ತೀನಿ.

ಹೆಚ್ಚಿನವು ಇದರಲ್ಲಿ ಫೇಲ್ ಆಗುತ್ತವೆ. ಹಾಗಾಗಿ ನಾನು ಊರಿನಿಂದ ಬರುವಾಗ ಕಿರಾಣಿ ಅಂಗಡಿಯವರು ಕೊಟ್ಟ ಪಂಚಾಂಗದ ಕ್ಯಾಲೆಂಡರ್ ತಂದು ಗೋಡೆಗೆ ನೇತುಹಾಕಿದ್ದೇನೆ. ಅಮ್ಮ ಅಂಥದ್ದೇ ಕ್ಯಾಲೆಂಡರಿನಲ್ಲಿ ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುತ್ತಿದ್ದಳು. ಹಾಲು ಹಾಕಿದ ದಿನ ಲೀಟರಿನ ಸಂಖ್ಯೆ, ಹಾಕದ ದಿನ ಖಾಲಿ. ತಿಂಗಳ ಕೊನೆಗೆ ಕೂಡಿದರೆ ಲೆಕ್ಕ ಸಿಗುತ್ತಿತ್ತು. ನಡುವೆ ಒಂದು ದಿನ ಹಸು ಒದ್ದಿತು ಅಂತ ಹಿಂದಿನ ಇಪ್ಪತ್ತು ದಿನದ ಹಾಲು ಸುಳ್ಳಾಗುತ್ತಿರಲಿಲ್ಲ.

ಮೊನ್ನೆ ಫೋನ್ ಮಾಡಿದಾಗ ಅಮ್ಮನಿಗೆ ನಿಜ ಹೇಳಿದೆ. ಅವತ್ತು ತಾರಸಿ ಮೇಲೆ ಇದ್ದದ್ದು ಆಫೀಸ್ ಕೆಲಸ ಅಲ್ಲ, ಪಾಠದ ಆಟ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯೋ, ಸಾವಿನ ಮನೇಲೂ ಬಿಡಲ್ವಲ್ಲ ಇವ್ರು ಅಂತ ನಿನ್ನ ಆಫೀಸ್‌ನೋರನ್ನ ಬೈಕೊಂಡು ಮಲಗಿದ್ದೆ ಕಣೋ,” ಅಂದಳು.

ಜರ್ಮನ್ ಬಿಟ್ಟಿಲ್ಲ. ಈ ತಿಂಗಳ ಕ್ಯಾಲೆಂಡರಿನಲ್ಲಿ ಹದಿನೇಳು ಗುರುತುಗಳಿವೆ. ಗೌರಿ ಗಣೇಶ ಹಬ್ಬಕ್ಕೆ ಊರಿಗೆ ಹೋಗಿದ್ದ ನಾಲ್ಕು ದಿನ ಖಾಲಿ.